ಹಳೆಯ ಪ್ರೋಗ್ರಾಮಬಲ್ ಕೀಬೋರ್ಡ್, ಹೊಸ ಕಂಪ್ಯೂಟರ್: ಕೀಲಿಗಳನ್ನು ಹೊಂದಿಸಲು ಯಾವ ದಾರಿ ಹಿಡಿಯಬೇಕು?

ಕೀಲಿಗಳ ಕೆಲಸವನ್ನು ಬಳಸುವವರೇ ಬದಲಾಯಿಸಿಕೊಳ್ಳಬಹುದಾದ ಕೀಬೋರ್ಡುಗಳು ಇಂದು ನಿನ್ನೆಯವಲ್ಲ. ಗೇಟ್‌ವೇ 2000 ಕಂಪನಿ 1990ರ ದಶಕದಲ್ಲಿ ತನ್ನ ಕಂಪ್ಯೂಟರುಗಳೊಂದಿಗೆ ಕೊಡುತ್ತಿದ್ದ ಎನಿಕೀ, ಎರಡು ಕೈಗಳಿಗೆ ಎರಡು ಬಟ್ಟಲಿನಂತೆ ತಗ್ಗು ಮಾಡಿದ ಕೈನೆಸಿಸ್ ಅಡ್ವಾಂಟೇಜ್, ಬಿಲ್ಲಿಂಗ್ ಕೌಂಟರುಗಳಿಗೆಂದು ಚೆರಿ ಮತ್ತು ಪ್ರೆಹ್ ಕಂಪನಿಗಳು ತಯಾರಿಸಿದ, ಸಾಲುಸಾಲಾಗಿ ಹೆಸರಿಲ್ಲದ ಕೀಲಿಗಳಿರುವ ಕೀಬೋರ್ಡುಗಳು, ಇವುಗಳಲ್ಲಿ ಹಲವು ಇಂದಿಗೂ ಗಟ್ಟಿಮುಟ್ಟಾಗಿ ಉಳಿದಿವೆ. ತೊಡಕು ಶುರುವಾಗುವುದು ಅವುಗಳ ಹೊಂದಿಕೆಯನ್ನು, ಅಂದರೆ ಯಾವ ಕೀಲಿಗೆ ಯಾವ ಕೆಲಸ ಎಂಬುದನ್ನು, ಬದಲಿಸಲು ಹೊರಟಾಗ: ಜೊತೆಗೆ ಬಂದ ತಂತ್ರಾಂಶ ವಿಂಡೋಸ್‌ಗೂ ಹಿಂದಿನ ಕಾರ್ಯವ್ಯವಸ್ಥೆಯಾದ ಡಾಸ್ ಅಥವಾ ಹಳೆಯ ವಿಂಡೋಸ್‌ಗಾಗಿ ಬರೆದದ್ದು, ಸಂಪರ್ಕದ ಪೋರ್ಟ್ ಹೊಸ ಯಂತ್ರದಲ್ಲಿ ಇಲ್ಲವೇ ಇಲ್ಲ, ಕೈಪಿಡಿ ಎಲ್ಲಿ ಹೋಯಿತೋ ಗೊತ್ತಿಲ್ಲ.

ಹೊಂದಿಕೆಯನ್ನು ನಾಲ್ಕು ಕಡೆಗಳಲ್ಲಿ ಇಡಬಹುದು: ಕೀಬೋರ್ಡಿನ ಸ್ವಂತ ನೆನಪಿನಲ್ಲಿ, ಕೀಬೋರ್ಡು ಮತ್ತು ಕಂಪ್ಯೂಟರಿನ ನಡುವೆ ಕೂರುವ ಪರಿವರ್ತಕದಲ್ಲಿ, ಕಂಪ್ಯೂಟರಿನ ತಂತ್ರಾಂಶದಲ್ಲಿ, ಇಲ್ಲವೇ ಕೀಬೋರ್ಡಿನೊಳಗೆ ಹೊಸದಾಗಿ ಕೂರಿಸಿದ ನಿಯಂತ್ರಕದಲ್ಲಿ (ಒತ್ತಿದ ಕೀಲಿಯನ್ನು ಗುರುತಿಸಿ ಕಳುಹಿಸುವ ಚಿಪ್). ಮೂಲ ತಂತ್ರಾಂಶವನ್ನು ಹೇಗಾದರೂ ಓಡಿಸಲೇಬೇಕು ಎಂಬ ಹಟದಿಂದ ಅನೇಕರು ದಿನಗಟ್ಟಲೆ ಒದ್ದಾಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಆ ತಂತ್ರಾಂಶ ಬೇಕಾಗುವುದು ಹೆಚ್ಚೆಂದರೆ ಒಂದೇ ಸಲ, ಅದೂ ಕೆಲವು ಬಗೆಯ ಕೀಬೋರ್ಡುಗಳಿಗೆ ಮಾತ್ರ. ಆ ಬಗೆ ಯಾವುದೆಂದು ಗುರುತಿಸುವುದು ಆಯ್ಕೆಯ ಮೊದಲ ಹೆಜ್ಜೆ.

ಮೊದಲು ತಂತಿಯ ತುದಿಯನ್ನು ನೋಡಿ

ದೊಡ್ಡ ಐದು ಪಿನ್ನುಗಳ ದುಂಡು ಪ್ಲಗ್ ಇದ್ದರೆ ಕೀಬೋರ್ಡು 1981ರ ಐಬಿಎಂ ಪಿಸಿಯ ಕಾಲದ ಎಕ್ಸ್‌ಟಿ ವಿಧಾನದ್ದಾಗಿರಬಹುದು, ಇಲ್ಲವೇ 1984ರಲ್ಲಿ ಬಂದ ಎಟಿ ವಿಧಾನದ್ದಾಗಿರಬಹುದು. ಪ್ಲಗ್ ಒಂದೇ ಬಗೆಯದಾದರೂ ಎರಡರ ಭಾಷೆ ಬೇರೆ. ಎಕ್ಸ್‌ಟಿ ವಿಧಾನದಲ್ಲಿ ಸಂದೇಶ ಕೀಬೋರ್ಡಿನಿಂದ ಕಂಪ್ಯೂಟರಿಗೆ ಮಾತ್ರ ಹರಿಯುತ್ತದೆ, ಎಟಿ ವಿಧಾನದಲ್ಲಿ ಕಂಪ್ಯೂಟರು ಕೂಡ ಕೀಬೋರ್ಡಿಗೆ ಆದೇಶ ಕೊಡಬಲ್ಲದು. 1987ರಲ್ಲಿ ಬಂದ ಪಿಎಸ್/2ರ ಆರು ಪಿನ್ನುಗಳ ಸಣ್ಣ ಪ್ಲಗ್ ನುಡಿಯುವುದು ಎಟಿಯ ಭಾಷೆಯನ್ನೇ. ಹಾಗಾಗಿ ಎಟಿ ಕೀಬೋರ್ಡನ್ನು ಪಿಎಸ್/2 ಪೋರ್ಟಿಗೆ ಜೋಡಿಸಲು ಪ್ಲಗ್‌ನ ಆಕಾರ ಬದಲಿಸುವ ಸಣ್ಣ ಅಡಾಪ್ಟರ್ ಸಾಕು. ಇಲ್ಲಿ ಒಂದು ಎಚ್ಚರಿಕೆ ಇದೆ: ಯುಎಸ್‌ಬಿಯಂತೆ ಪಿಎಸ್/2 ಪ್ಲಗ್ಗನ್ನು ಯಂತ್ರ ಓಡುತ್ತಿರುವಾಗ ಕಿತ್ತು ಹಾಕಬಾರದು.

ಪಿಎಸ್/2ರಿಂದ ಯುಎಸ್‌ಬಿಗೆ ಬರುವಾಗ ಆಕಾರ ಬದಲಿಸಿದರೆ ಸಾಲದು. ಮಾರುಕಟ್ಟೆಯಲ್ಲಿ ಸಿಗುವ ನೇರಳೆ ಅಥವಾ ಹಸಿರು ಬಣ್ಣದ ಪುಟ್ಟ ಅಡಾಪ್ಟರುಗಳೊಳಗೆ ತಂತಿಗಳ ಹೊರತು ಬೇರೇನೂ ಇರುವುದಿಲ್ಲ, ಎರಡೂ ಭಾಷೆಗಳನ್ನು ಬಲ್ಲ ಕೀಬೋರ್ಡಿಗೆ ಮಾತ್ರ ಅವು ಉಪಯೋಗ. ಹಳೆಯ ಕೀಬೋರ್ಡಿಗೆ ಒಳಗೊಂದು ಚಿಪ್ ಇರುವ, ಸಂಕೇತಗಳನ್ನು ಅನುವಾದಿಸುವ ಸಕ್ರಿಯ ಪರಿವರ್ತಕವೇ ಬೇಕು. ಅಗ್ಗದ ಪರಿವರ್ತಕಗಳಲ್ಲಿ ಕೆಲವು ಹೆಚ್ಚು ವಿದ್ಯುತ್ ಎಳೆಯುವ ಹಳೆಯ ಕೀಬೋರ್ಡುಗಳನ್ನು ತಾಳಲಾರದೆ ಕೀಲಿಗಳನ್ನು ತಪ್ಪಿಸುತ್ತವೆ. ಆಗ ಕೀಬೋರ್ಡೇ ಕೆಟ್ಟಿದೆ ಎಂದು ತಿಳಿದು ಎಸೆದುಬಿಡುವವರೂ ಇದ್ದಾರೆ.

ಕೀಬೋರ್ಡು ತನ್ನನ್ನು ತಾನೇ ಹೊಂದಿಸಿಕೊಳ್ಳುವುದಾದರೆ

ಇದು ಎಲ್ಲಕ್ಕಿಂತ ಸುಲಭದ ಸ್ಥಿತಿ. ಎನಿಕೀ ಮತ್ತು ಅಡ್ವಾಂಟೇಜ್ ಎರಡಕ್ಕೂ ಕಂಪ್ಯೂಟರಿನಲ್ಲಿ ಯಾವ ತಂತ್ರಾಂಶವೂ ಬೇಡ. ಹೊಂದಿಕೆಯ ಕೆಲಸವೆಲ್ಲ ಕೀಲಿಗಳಿಂದಲೇ ನಡೆದು ಒಳಗಿನ ನೆನಪಿನಲ್ಲಿ ಉಳಿಯುತ್ತದೆ, ಕಂಪ್ಯೂಟರಿಗೆ ತಲುಪುವುದು ಬದಲಾದ ಸಂಕೇತ ಮಾತ್ರ. ಆದ್ದರಿಂದ ವಿಂಡೋಸ್ ಆವೃತ್ತಿ ಯಾವುದು, ಲಿನಕ್ಸ್ ಯಾವುದು ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ.

ಹಳೆಯ ಅಡ್ವಾಂಟೇಜ್‌ನಲ್ಲಿ ಒಂದು ಕೀಲಿಯನ್ನು ಬದಲಿಸುವ ಕ್ರಮ ಹೀಗಿದೆ. ಮೇಲಿನ ಸಾಲಿನ ಬಲತುದಿಯಲ್ಲಿರುವ ಪ್ರೋಗ್ರಾಂ ಕೀಲಿಯನ್ನು ಹಿಡಿದು ಎಫ್12 ಒತ್ತಿದರೆ ದೀಪಗಳು ಮಿನುಗತೊಡಗುತ್ತವೆ. ಮೊದಲು ಒತ್ತಬೇಕಾದದ್ದು ಯಾವ ಕೀಲಿಯ ಕೆಲಸ ಬೇಕೋ ಆ ಕೀಲಿಯನ್ನು, ಆಮೇಲೆ ಆ ಕೆಲಸವನ್ನು ಎಲ್ಲಿ ಇಡಬೇಕೋ ಆ ಜಾಗದ ಕೀಲಿಯನ್ನು. ಕೊನೆಗೆ ಮತ್ತೆ ಪ್ರೋಗ್ರಾಂ ಮತ್ತು ಎಫ್12. ಕ್ಯಾಪ್ಸ್ ಲಾಕ್ ಇರುವಲ್ಲಿ ಕಂಟ್ರೋಲ್ ಬೇಕೆಂದರೆ ಮೊದಲು ಕಂಟ್ರೋಲ್, ನಂತರ ಕ್ಯಾಪ್ಸ್ ಲಾಕ್. ಈಗಿನ ತಂತ್ರಾಂಶಗಳಲ್ಲಿ ಮೊದಲು ಜಾಗವನ್ನು ಆರಿಸಿ ನಂತರ ಕೆಲಸವನ್ನು ಆರಿಸುವ ರೂಢಿ ಇರುವುದರಿಂದ ಈ ಕ್ರಮ ತಲೆಕೆಳಗಾಗಿ ತೋರುತ್ತದೆ, ಹೆಚ್ಚಿನ ಎಡವಟ್ಟುಗಳು ಇಲ್ಲೇ ಆಗುತ್ತವೆ. 2016ರಲ್ಲಿ ಬಂದ ಅಡ್ವಾಂಟೇಜ್2ರಲ್ಲಿ ಇದೇ ಕೆಲಸಕ್ಕೆ ಇನ್ನೊಂದು ದಾರಿಯೂ ಇದೆ: ಕೀಬೋರ್ಡು ತನ್ನನ್ನು ಒಂದು ಪುಟ್ಟ ಯುಎಸ್‌ಬಿ ಡ್ರೈವ್ ಎಂದು ತೋರಿಸಿಕೊಳ್ಳುತ್ತದೆ, ಅದರೊಳಗಿನ ಸರಳ ಪಠ್ಯ ಕಡತವನ್ನು ತಿದ್ದಿ ಉಳಿಸಿದರಾಯಿತು. ತಯಾರಕರ ತಂತ್ರಾಂಶ ಮುಂದೊಂದು ದಿನ ಓಡದೆ ಹೋದರೂ ಪಠ್ಯ ಕಡತವನ್ನು ತೆರೆಯಲು ಯಾವುದೋ ಒಂದು ಸಂಪಾದಕ ಇದ್ದೇ ಇರುತ್ತದೆ. ಹಳೆಯ ಕೀಬೋರ್ಡು ಕೊಳ್ಳುವವರು ಬೇರೆಲ್ಲ ಗುಣಗಳಿಗಿಂತ ಮೊದಲು ಈ ಬಗೆಯ ಸ್ವಾವಲಂಬನೆಯನ್ನು ನೋಡಬೇಕೆಂದು ನಾನು ಹೇಳುತ್ತೇನೆ.

ಎನಿಕೀಯ ಕಥೆ ಸ್ವಲ್ಪ ತಮಾಷೆಯದು. ಅದರ ರೀಮ್ಯಾಪ್ (ಕೀಲಿಯ ಕೆಲಸ ಬದಲಿಸುವ) ಮತ್ತು ಪ್ರೋಗ್ರಾಂ ಮ್ಯಾಕ್ರೋ (ಒಂದೇ ಕೀಲಿಗೆ ಹಲವು ಒತ್ತುಗಳ ಸರಣಿಯನ್ನು ಕಲಿಸುವ) ಕೀಲಿಗಳು ಬೆರಳು ತಾಗುವ ಜಾಗದಲ್ಲೇ ಇದ್ದುದರಿಂದ ಗೊತ್ತಿಲ್ಲದೆ ಅವುಗಳನ್ನು ಒತ್ತಿ ಅಕ್ಷರಗಳನ್ನು ಅದಲುಬದಲು ಮಾಡಿಕೊಂಡವರು ಬಹಳ. ಬಳಸಿದ ಎನಿಕೀ ಕೈಗೆ ಬಂದಾಗ ವಿಚಿತ್ರ ಅಕ್ಷರಗಳು ಮೂಡಿದರೆ ರಿಪೇರಿಗೆ ಇಳಿಯುವ ಮುನ್ನ ಕಂಟ್ರೋಲ್, ಆಲ್ಟ್ ಮತ್ತು ಸಸ್ಪೆಂಡ್ ಮ್ಯಾಕ್ರೋ ಕೀಲಿಗಳನ್ನು ಒಟ್ಟಿಗೆ ಒತ್ತಿ ಹಳೆಯ ಹೊಂದಿಕೆಯನ್ನು ಅಳಿಸಿ ನೋಡಬೇಕು.

ಕೀಬೋರ್ಡಿನೊಳಗಿನ ಮ್ಯಾಕ್ರೋಗಳಿಗೆ ಒಂದು ಮಿತಿ ಇದೆ. ಕೀಬೋರ್ಡು ಕಳುಹಿಸುವುದು ಅಕ್ಷರವನ್ನಲ್ಲ, ಕೀಲಿಯ ಸಂಖ್ಯೆಯನ್ನು. ಆ ಸಂಖ್ಯೆಗೆ ಯಾವ ಅಕ್ಷರ ಎಂದು ತೀರ್ಮಾನಿಸುವುದು ಕಂಪ್ಯೂಟರಿನಲ್ಲಿ ಆ ಕ್ಷಣ ಜಾರಿಯಲ್ಲಿರುವ ವಿನ್ಯಾಸ. ಇಂಗ್ಲಿಷ್ ವಿನ್ಯಾಸದಲ್ಲಿ ಎಚ್ ಮತ್ತು ಕೆ ಅಕ್ಷರಗಳನ್ನು ಮೂಡಿಸುವ ಮ್ಯಾಕ್ರೋ, ಕನ್ನಡದ ಇನ್‌ಸ್ಕ್ರಿಪ್ಟ್ ವಿನ್ಯಾಸ ಚಾಲೂ ಇದ್ದಾಗ "ಪಕ" ಎಂದು ಬರೆಯುತ್ತದೆ. ಎರಡು ಭಾಷೆಗಳಲ್ಲಿ ಟೈಪ್ ಮಾಡುವವರು ಉದ್ದನೆಯ ವಾಕ್ಯಗಳನ್ನು ಕೀಬೋರ್ಡಿನ ನೆನಪಿನಲ್ಲಿ ಇಡುವ ಬದಲು ಅವುಗಳನ್ನು ಕಂಪ್ಯೂಟರಿನ ತಂತ್ರಾಂಶಕ್ಕೆ ಬಿಟ್ಟು, ಕೀಲಿಗಳ ಸ್ಥಾನಪಲ್ಲಟವನ್ನಷ್ಟೇ ಕೀಬೋರ್ಡಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಮೂಲ ತಂತ್ರಾಂಶವನ್ನೇ ಓಡಿಸುವುದಾದರೆ

ಬಿಲ್ಲಿಂಗ್ ಕೌಂಟರಿನ ಕೀಬೋರ್ಡುಗಳಲ್ಲಿ ಅನೇಕವು ತಮ್ಮನ್ನು ತಾವು ಹೊಂದಿಸಿಕೊಳ್ಳಲಾರವು. ತಯಾರಕರ ತಂತ್ರಾಂಶದಲ್ಲಿ ವಿನ್ಯಾಸವನ್ನು ರಚಿಸಿ ಅದನ್ನು ಕೀಬೋರ್ಡಿನ ನೆನಪಿಗೆ ಇಳಿಸಬೇಕು. ಇಲ್ಲಿ ಹೆಚ್ಚಿನವರಿಗೆ ತಕ್ಷಣ ಹೊಳೆಯುವ ಉಪಾಯ ವರ್ಚುವಲ್ ಮಷೀನ್: ಹಳೆಯ ವಿಂಡೋಸ್ ಅನ್ನು ಹೊಸ ಯಂತ್ರದೊಳಗೆ ಕೂರಿಸಿ, ಅದರಲ್ಲಿ ಹಳೆಯ ತಂತ್ರಾಂಶವನ್ನು ತೆರೆಯುವುದು. ತಂತ್ರಾಂಶ ತೆರೆದುಕೊಳ್ಳುತ್ತದೆ, ಪರದೆಯಲ್ಲಿ ವಿನ್ಯಾಸವೂ ಕಾಣುತ್ತದೆ, ಆದರೆ ಪಿಎಸ್/2 ಕೀಬೋರ್ಡಾಗಿದ್ದರೆ "ಇಳಿಸು" ಎಂದಾಗ ಏನೂ ಆಗುವುದಿಲ್ಲ.

ಕಾರಣ ಸರಳ. ಪಿಎಸ್/2 ಕಾಲದ ಇಂತಹ ತಂತ್ರಾಂಶಗಳು ಮದರ್‌ಬೋರ್ಡಿನ 8042 ಎಂಬ ಕೀಬೋರ್ಡ್ ನಿಯಂತ್ರಕದ ಜೊತೆ ನೇರವಾಗಿ ಮಾತನಾಡಿ, ಅದರ ಮೂಲಕ ಕೀಬೋರ್ಡಿಗೆ ತಮ್ಮದೇ ಆದ ಗುಪ್ತ ಆದೇಶಗಳನ್ನು ಕಳುಹಿಸುತ್ತಿದ್ದವು. ವರ್ಚುವಲ್ ಮಷೀನಿನಲ್ಲೂ 8042 ಇರುತ್ತದೆ, ಆದರೆ ಅದು ತಂತ್ರಾಂಶದಲ್ಲಿ ಮಾಡಿದ ನಕಲು. ನೀವು ಒತ್ತಿದ ಕೀಲಿಗಳನ್ನು ಅದು ಒಳಗೆ ತಲುಪಿಸುತ್ತದೆ, ಒಳಗಿನ ತಂತ್ರಾಂಶದ ವಿಶೇಷ ಆದೇಶಗಳನ್ನು ಹೊರಗಿನ ನಿಜವಾದ ಕೀಬೋರ್ಡಿಗೆ ದಾಟಿಸುವುದಿಲ್ಲ. ಯುಎಸ್‌ಬಿ ಪರಿವರ್ತಕದ ಮೂಲಕ ಜೋಡಿಸಿದಾಗಲೂ ಇದೇ ಗೋಡೆ ಎದುರಾಗುತ್ತದೆ: ಲಾಕ್ ದೀಪಗಳನ್ನು ಹಚ್ಚುವಂತಹ ಸಾಮಾನ್ಯ ಆದೇಶಗಳನ್ನಷ್ಟೇ ಪರಿವರ್ತಕ ಕೀಬೋರ್ಡಿಗೆ ಮುಟ್ಟಿಸುತ್ತದೆ.

ಹೀಗಾಗಿ ಪಿಎಸ್/2 ಕೀಬೋರ್ಡನ್ನು ಮೂಲ ತಂತ್ರಾಂಶದಿಂದಲೇ ಹೊಂದಿಸಬೇಕೆಂದರೆ ನಿಜವಾದ ಪಿಎಸ್/2 ಪೋರ್ಟ್ ಇರುವ ನಿಜವಾದ ಯಂತ್ರ ಬೇಕು. ಮೂಲೆಗೆ ಸೇರಿಸಿದ ಹಳೆಯ ಡೆಸ್ಕ್‌ಟಾಪ್ ಒಂದು ಇದ್ದರೆ ಅದಕ್ಕಿಂತ ಉತ್ತಮ ಸಾಧನವಿಲ್ಲ. ತಂತ್ರಾಂಶ ಡಾಸ್‌ನದಾದರೆ ಅದೇ ಯಂತ್ರವನ್ನು ಪೆನ್‌ಡ್ರೈವ್‌ನಿಂದ ಡಾಸ್‌ನ ಉಚಿತ ಬದಲಿಯಾದ ಫ್ರೀಡಾಸ್‌ಗೆ ಬೂಟ್ ಮಾಡಿದರೆ ಸಾಕು, ಹಾರ್ಡ್ ಡಿಸ್ಕನ್ನು ಮುಟ್ಟುವ ಅಗತ್ಯವಿಲ್ಲ. ಆಗ ಬಯಾಸ್‌ನಲ್ಲಿ (ಯಂತ್ರ ಏಳುವಾಗ ತೆರೆಯಬಹುದಾದ ಮೂಲ ಹೊಂದಿಕೆಗಳ ಪರದೆ) ಯುಎಸ್‌ಬಿ ಕೀಬೋರ್ಡನ್ನು ಪಿಎಸ್/2ರದೆಂಬಂತೆ ತೋರಿಸುವ ಲೆಗಸಿ ಬೆಂಬಲವನ್ನು ಆಫ್ ಮಾಡಿಡುವುದು ಒಳಿತು. ಆ ಬೆಂಬಲವು 8042ರ ಮಾತಿನ ನಡುವೆ ತಾನೂ ಬಾಯಿ ಹಾಕುವುದರಿಂದ ಆದೇಶಗಳು ತಪ್ಪಿಹೋಗುವ ಸಂಭವವಿದೆ. ಫ್ರೀಡಾಸ್ ಪೆನ್‌ಡ್ರೈವ್‌ನಿಂದ ಬೂಟ್ ಆಗುವುದೇ ನಿಂತುಹೋದರೆ ಮಾತ್ರ ಅದನ್ನು ಮರಳಿ ಹಚ್ಚಬೇಕು. ಇತ್ತೀಚಿನ ಕೆಲವು ಮದರ್‌ಬೋರ್ಡುಗಳಲ್ಲೂ ಪಿಎಸ್/2 ಪೋರ್ಟ್ ಉಳಿದಿದೆ ನಿಜ, ಆದರೆ ಬಯಾಸ್‌ನ ಜಾಗಕ್ಕೆ ಬಂದ ಯುಇಎಫ್‌ಐ ಮಾತ್ರ ಇರುವ ಯಂತ್ರದಲ್ಲಿ ಫ್ರೀಡಾಸ್ ಏಳುವುದಿಲ್ಲ. 16 ಬಿಟ್‌ನ ಹಳೆಯ ತಂತ್ರಾಂಶಗಳನ್ನು 64 ಬಿಟ್ ವಿಂಡೋಸ್ ಓಡಿಸುವುದಿಲ್ಲ, ವಿಂಡೋಸ್ 11 ಬರುವುದಂತೂ 64 ಬಿಟ್‌ನಲ್ಲಿ ಮಾತ್ರ. ಮ್ಯಾಕ್‌ನಲ್ಲಿ 2019ರ ಕ್ಯಾಟಲೀನಾ ಆವೃತ್ತಿಯಿಂದ 32 ಬಿಟ್ ತಂತ್ರಾಂಶಗಳಿಗೂ ಬಾಗಿಲು ಮುಚ್ಚಿದೆ.

ಹಳೆಯ ಯುಎಸ್‌ಬಿ ಕೀಬೋರ್ಡುಗಳ ವಿಷಯ ಬೇರೆ. ಅಲ್ಲಿ ವರ್ಚುವಲ್ ಮಷೀನ್ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಏಕೆಂದರೆ ಇಡೀ ಯುಎಸ್‌ಬಿ ಸಾಧನವನ್ನು ಹೊರಗಿನ ವ್ಯವಸ್ಥೆಯಿಂದ ಕಳಚಿ ಒಳಗಿನದಕ್ಕೆ ಒಪ್ಪಿಸಲು ಸಾಧ್ಯ. ಒಪ್ಪಿಸಿದ ಕ್ಷಣದಿಂದ ಹೊರಗಿನ ವ್ಯವಸ್ಥೆಗೆ ಆ ಕೀಬೋರ್ಡು ಇಲ್ಲವಾಗುವುದರಿಂದ ಇನ್ನೊಂದು ಕೀಬೋರ್ಡನ್ನು ಮೊದಲೇ ಜೋಡಿಸಿಟ್ಟುಕೊಳ್ಳಬೇಕು.

ಮೂಲ ತಂತ್ರಾಂಶ ಒಮ್ಮೆ ಓಡಿದರೆ ಅದರಲ್ಲಿ ಏನು ಮಾಡಬೇಕು ಎಂಬುದು ಓಡಿಸುವುದಕ್ಕಿಂತ ಮುಖ್ಯ. ಅಂತಿಮವಾಗಿ ಬೇಕಾದ ವಿನ್ಯಾಸವನ್ನು ಅಲ್ಲಿ ರಚಿಸಲು ಹೋಗಬೇಡಿ. ಪ್ರತಿಯೊಂದು ಕೀಲಿಗೂ ಬೇರೆ ಯಾವ ಕೀಲಿಯೂ ಕಳುಹಿಸದ ಒಂದೊಂದು ಸಂಕೇತವನ್ನು ಕೊಟ್ಟು ಮುಗಿಸಿ. ಸಾಮಾನ್ಯ ಕೀಬೋರ್ಡಿನಲ್ಲಿ ಇಲ್ಲದ ಎಫ್13ರಿಂದ ಎಫ್24ರವರೆಗಿನ ಹನ್ನೆರಡು ಸಂಕೇತಗಳನ್ನು ಇಂದಿನ ಪ್ರಮುಖ ಕಾರ್ಯವ್ಯವಸ್ಥೆಗಳು ಬಹುಮಟ್ಟಿಗೆ ಗುರುತಿಸುತ್ತವೆ, ಆದರೆ ಯಾವ ಅನ್ವಯವೂ ಅವುಗಳನ್ನು ಬಳಸುವುದು ಅಪರೂಪ. ಅವು ಸಾಲದಿದ್ದರೆ ಕಂಟ್ರೋಲ್, ಆಲ್ಟ್, ಶಿಫ್ಟ್‌ಗಳ ಜೊತೆ ಅವೇ ಕೀಲಿಗಳನ್ನು ಸೇರಿಸಬಹುದು: ಹನ್ನೆರಡನ್ನು ಆ ಮೂರರ ಎಂಟು ಬಗೆಯ ಜೋಡಣೆಗಳಿಂದ (ಯಾವುದೂ ಸೇರದ್ದೂ ಒಂದು) ಗುಣಿಸಿದರೆ 96 ಗುರುತುಗಳಾಗುತ್ತವೆ, ಉಳಿದದ್ದನ್ನು ಮಾಮೂಲಿ ಅಕ್ಷರಗಳೇ ತುಂಬುತ್ತವೆ. ಇಷ್ಟಾದ ಮೇಲೆ ಹಳೆಯ ಯಂತ್ರದ ಹಂಗು ಮುಗಿಯಿತು, ಮುಂದಿನ ಬದಲಾವಣೆಗಳೆಲ್ಲ ಹೊಸ ಕಂಪ್ಯೂಟರಿನಲ್ಲೋ ಪರಿವರ್ತಕದಲ್ಲೋ ನಡೆಯುತ್ತವೆ.

ಕಂಪ್ಯೂಟರಿನ ತಂತ್ರಾಂಶದಲ್ಲಿ

ಯಾವ ವ್ಯವಸ್ಥೆಯಲ್ಲೇ ಆಗಲಿ ಮೊದಲು ನೋಡಬೇಕಾದದ್ದು ಕೀಲಿ ಒತ್ತಿದಾಗ ಏನಾದರೂ ತಲುಪುತ್ತಿದೆಯೇ ಎಂಬುದನ್ನು. ಲಿನಕ್ಸ್‌ನಲ್ಲಿ ಇವ್‌ಟೆಸ್ಟ್, ಮ್ಯಾಕ್‌ನಲ್ಲಿ ಕ್ಯಾರಬೈನರ್ ಜೊತೆಗೆ ಬರುವ ಈವೆಂಟ್ ವ್ಯೂವರ್, ವಿಂಡೋಸ್‌ನಲ್ಲಿ ಆಟೋಹಾಟ್‌ಕೀಯ ಕೀಲಿ ಇತಿಹಾಸ ಇದನ್ನು ತೋರಿಸುತ್ತವೆ. ನೆನಪು ಖಾಲಿ ಇರುವ ಕೌಂಟರ್ ಕೀಬೋರ್ಡಿನ ಕೀಲಿ ಏನನ್ನೂ ಕಳುಹಿಸದಿದ್ದರೆ ಯಾವ ತಂತ್ರಾಂಶವೂ ಅದನ್ನು ಬದಲಿಸಲಾರದು.

ವಿಂಡೋಸ್‌ನಲ್ಲಿ ಹೊಂದಿಕೆಗಳ ಭಂಡಾರವಾದ ರಿಜಿಸ್ಟ್ರಿಯ ಸ್ಕ್ಯಾನ್‌ಕೋಡ್ ಮ್ಯಾಪ್ (ಕೀಲಿಗಳ ಸಂಕೇತ ಬದಲಿಸುವ ಪಟ್ಟಿ) ಅತ್ಯಂತ ಹಳೆಯ ಮತ್ತು ಭದ್ರವಾದ ವಿಧಾನ. ಶಾರ್ಪ್‌ಕೀಸ್ ಎಂಬ ಸಣ್ಣ ತಂತ್ರಾಂಶ ಅದನ್ನು ಬರೆದುಕೊಡುತ್ತದೆ, ಮರುಪ್ರಾರಂಭದ ನಂತರ ಲಾಗಿನ್ ಪರದೆಯಲ್ಲೂ ಅದು ಜಾರಿಯಲ್ಲಿರುತ್ತದೆ. ಆದರೆ ಒಂದು ಕೀಲಿಗೆ ಒಂದೇ ಕೀಲಿ, ಮತ್ತು ಜೋಡಿಸಿದ ಎಲ್ಲ ಕೀಬೋರ್ಡುಗಳಿಗೂ ಒಂದೇ ನಿಯಮ. ಮೈಕ್ರೋಸಾಫ್ಟ್‌ನ ಪವರ್‌ಟಾಯ್ಸ್ ಬಳಕೆಗೆ ಹೆಚ್ಚು ಹಿತವಾದರೂ ಅದು ಓಡುತ್ತಿರುವಾಗ ಮಾತ್ರ ಬದಲಾವಣೆ ಇರುತ್ತದೆ. ಮ್ಯಾಕ್ರೋಗಳಿಗೆ ಆಟೋಹಾಟ್‌ಕೀಯನ್ನು ಮೀರಿಸುವುದು ಕಷ್ಟ, ಆದರೆ ತಾನೊಂದೇ ಆಗಿ ಅದು ಎರಡು ಕೀಬೋರ್ಡುಗಳನ್ನು ಬೇರೆ ಬೇರೆಯಾಗಿ ಕಾಣಲಾರದು. ಮ್ಯಾಕ್‌ನ ಕ್ಯಾರಬೈನರ್ ಎಲಿಮೆಂಟ್ಸ್ ಸಾಧನವಾರು ನಿಯಮಗಳನ್ನು ಒಪ್ಪುತ್ತದೆ.

ಲಿನಕ್ಸ್ ಈ ವಿಷಯದಲ್ಲಿ ಎಲ್ಲಕ್ಕಿಂತ ಉದಾರಿ. ಯುಎಸ್‌ಬಿ ಮೂಲಕ ಬರುವ ಒಂದೇ ಒಂದು ಕೀಬೋರ್ಡಿನ ಸಂಕೇತಗಳನ್ನು, ಜೋಡಿಸಿದ ಸಾಧನಗಳನ್ನು ನೋಡಿಕೊಳ್ಳುವ ಯುಡೆವ್‌ನ ಯಂತ್ರಾಂಶ ಪಟ್ಟಿಯಲ್ಲಿ ಎರಡು ಸಾಲು ಬರೆದು ಬದಲಿಸಬಹುದು: ಮೊದಲ ಸಾಲಿನಲ್ಲಿ ತಯಾರಕರ ಮತ್ತು ಮಾದರಿಯ ಸಂಖ್ಯೆ, ಎರಡನೆಯದರಲ್ಲಿ 70039 ಎಂಬ ಸಂಕೇತಕ್ಕೆ ಎಡ ಕಂಟ್ರೋಲ್ ಎಂಬ ಹೊಸ ಹೆಸರು. ಇದರಲ್ಲಿ 7 ಎಂಬುದು ಯುಎಸ್‌ಬಿ ಮಾನಕದ ಕೀಬೋರ್ಡ್ ಪುಟ, ಕೊನೆಯ 39 ಕ್ಯಾಪ್ಸ್ ಲಾಕ್‌ನ ಸಂಖ್ಯೆ. ಇದಕ್ಕೆ ಹಿನ್ನೆಲೆಯಲ್ಲಿ ಯಾವ ತಂತ್ರಾಂಶವೂ ಓಡಬೇಕಿಲ್ಲ. ಪದರಗಳು (ಒಂದು ಕೀಲಿ ಹಿಡಿದಾಗ ಉಳಿದವುಗಳ ಕೆಲಸ ಬದಲಾಗುವ ಏರ್ಪಾಡು) ಮತ್ತು ಮ್ಯಾಕ್ರೋಗಳು ಬೇಕೆನ್ನುವವರು ಕೀಡಿ, ಕೆಮೊನಾಡ್ ಅಥವಾ ಕನಾಟಾ ನೋಡಬಹುದು.

ಒಂದೇ ಕಂಪ್ಯೂಟರಿನಲ್ಲಿ ಕೆಲಸ ಮಾಡುವವರಿಗೆ, ಅನ್ವಯಕ್ಕೆ ತಕ್ಕಂತೆ ಕೀಲಿಯ ಅರ್ಥ ಬದಲಾಗಬೇಕೆನ್ನುವವರಿಗೆ ಈ ದಾರಿ ಸರಿ. ಎರಡು ಮೂರು ಯಂತ್ರಗಳ ನಡುವೆ ಓಡಾಡುವವರು ಅಥವಾ ಹೊಸ ತಂತ್ರಾಂಶ ಹಾಕಲು ಅನುಮತಿಯಿಲ್ಲದ ಕಚೇರಿಯ ಕಂಪ್ಯೂಟರ್ ಬಳಸುವವರು ಮುಂದಿನದನ್ನು ಆರಿಸಬೇಕು.

ನಡುವೆ ಕೂರುವ ಪರಿವರ್ತಕ

ಸಾಮಾನ್ಯ ಪರಿವರ್ತಕ ಅನುವಾದ ಮಾತ್ರ ಮಾಡಿದರೆ, ಪ್ರೋಗ್ರಾಂ ಮಾಡಬಹುದಾದ ಪರಿವರ್ತಕ ಅನುವಾದದ ಜೊತೆಗೆ ಹೊಂದಿಕೆಯನ್ನೂ ತನ್ನಲ್ಲಿ ಇಟ್ಟುಕೊಳ್ಳುತ್ತದೆ. ಎಟಿಮೆಗಾ32ಯು4 ಚಿಪ್ ಇರುವ ಟೀನ್ಸಿ 2.0 ಅಥವಾ ಪ್ರೋ ಮೈಕ್ರೋದಂತಹ ಸಣ್ಣ ಬೋರ್ಡಿಗೆ ಕೀಬೋರ್ಡಿನ ನಾಲ್ಕು ತಂತಿಗಳನ್ನು, ಅಂದರೆ 5 ವೋಲ್ಟ್, ಗ್ರೌಂಡ್, ಕ್ಲಾಕ್ ಮತ್ತು ಡೇಟಾ, ಜೋಡಿಸಿ ತಕ್ಕ ಫರ್ಮ್‌ವೇರ್ (ಚಿಪ್ಪಿನೊಳಗೆ ಉಳಿಯುವ ತಂತ್ರಾಂಶ) ತುಂಬಿದರೆ ಅದು ಸಿದ್ಧ. ಕಂಪ್ಯೂಟರಿಗೆ ಕಾಣುವುದು ಮಾಮೂಲಿ ಯುಎಸ್‌ಬಿ ಕೀಬೋರ್ಡು.

ಫರ್ಮ್‌ವೇರ್‌ಗಳಲ್ಲಿ ಸೋರರ್ ಪರಿವರ್ತಕ ಹೆಸರಾಂತದ್ದು. ಎಕ್ಸ್‌ಟಿ, ಎಟಿ, ಪಿಎಸ್/2 ಮತ್ತು ಹಳೆಯ ದೊಡ್ಡ ಕಂಪ್ಯೂಟರುಗಳ ಟರ್ಮಿನಲ್ ಕೀಬೋರ್ಡುಗಳನ್ನು ಅದು ತಾನೇ ಗುರುತಿಸುತ್ತದೆ. ಹೊಂದಿಕೆಯನ್ನು ಪಠ್ಯ ಕಡತದಲ್ಲಿ ಬರೆದು, ಸಣ್ಣ ಉಪಕರಣವೊಂದರಿಂದ ಸಂಕೇತಕ್ಕಿಳಿಸಿ, ಇನ್ನೊಂದರಿಂದ ಬೋರ್ಡಿಗೆ ಕಳುಹಿಸಬೇಕು, ಫರ್ಮ್‌ವೇರ್ ಅನ್ನು ಮತ್ತೆ ತುಂಬುವ ಅಗತ್ಯವಿಲ್ಲ. ಅದು ಸಿದ್ಧ ಕಡತವಾಗಿ ಹಂಚಿಕೆಯಾದದ್ದರಿಂದ ಬೇರೆ ಚಿಪ್ಪುಗಳಿಗೆ ಒಯ್ಯುವುದು ಸುಲಭವಲ್ಲ. ಟಿಎಂಕೆ ಮುಕ್ತ ತಂತ್ರಾಂಶ, ಅದರ ಐಬಿಎಂ ಪಿಸಿ ಪರಿವರ್ತಕವೂ ಇದೇ ಎಲ್ಲ ವಿಧಾನಗಳನ್ನು ಬಲ್ಲದು. ಇಂದು ಕೀಬೋರ್ಡ್ ಹವ್ಯಾಸಿಗಳಲ್ಲಿ ಮನೆಮಾತಾಗಿರುವ ಕ್ಯೂಎಂಕೆ ಹುಟ್ಟಿದ್ದು ಟಿಎಂಕೆಯಿಂದಲೇ. ಹೊಸದಾಗಿ ಶುರುಮಾಡುವವರಿಗೆ ನಾನು ಟಿಎಂಕೆಯನ್ನೇ ಸೂಚಿಸುತ್ತೇನೆ; ಪಠ್ಯ ಕಡತದ ಸರಳತೆ ಮೆಚ್ಚುವವರಿಗೆ ಸೋರರ್ ಇಂದಿಗೂ ಸಾಕು.

ಬೋರ್ಡ್ ಆರಿಸುವಾಗ ವೋಲ್ಟೇಜ್ ಮರೆಯಬಾರದು. 2021ರಲ್ಲಿ ಬಂದ ಆರ್‌ಪಿ2040 ಚಿಪ್ ಅಗ್ಗವೂ ಶಕ್ತಿಶಾಲಿಯೂ ಹೌದು, ಆದರೆ ಅದರ ಪಿನ್ನುಗಳು 3.3 ವೋಲ್ಟ್‌ನವು. 5 ವೋಲ್ಟ್ ಬಳಸುವ ಪಿಎಸ್/2 ತಂತಿಗಳನ್ನು ನೇರವಾಗಿ ಅದಕ್ಕೆ ಜೋಡಿಸಿದರೆ ಚಿಪ್ ಹಾಳಾಗಬಹುದು, ನಡುವೆ ವೋಲ್ಟೇಜ್ ಮಟ್ಟ ಬದಲಿಸುವ ಮಂಡಲ ಬೇಕು. 5 ವೋಲ್ಟ್‌ನ ಪ್ರೋ ಮೈಕ್ರೋ ಈ ಕೆಲಸಕ್ಕೆ ನಿರಾಳ.

ಹಳೆಯ ಕೀಬೋರ್ಡು ಯುಎಸ್‌ಬಿಯದೇ ಆಗಿದ್ದರೆ ಆರ್‌ಪಿ2040ಗೆ ಅದರದೇ ಜಾಗವಿದೆ. ಎಚ್‌ಐಡಿ ರೀಮ್ಯಾಪರ್ ಎಂಬ ಮುಕ್ತ ಯೋಜನೆಯ ಫರ್ಮ್‌ವೇರ್ ತುಂಬಿದ ಬೋರ್ಡು ಒಂದು ಕಡೆ ಕೀಬೋರ್ಡನ್ನು ಸ್ವೀಕರಿಸಿ, ಇನ್ನೊಂದು ಕಡೆ ಬದಲಾದ ಕೀಲಿಗಳನ್ನು ಕೊಡುತ್ತದೆ. ಹೊಂದಿಕೆ ನಡೆಯುವುದು ಬ್ರೌಸರಿನಲ್ಲಿ, ಆದರೆ ವೆಬ್‌ಎಚ್‌ಐಡಿ (ವೆಬ್ ಪುಟ ನೇರವಾಗಿ ಸಾಧನದೊಂದಿಗೆ ಮಾತನಾಡುವ ವಿಧಾನ) ಬೆಂಬಲಿಸುವ ಕ್ರೋಮ್ ಬಗೆಯ ಬ್ರೌಸರುಗಳಲ್ಲಿ ಮಾತ್ರ.

ಒಳಗಿನ ನಿಯಂತ್ರಕವನ್ನೇ ಬದಲಿಸುವುದು

ಇದು ಎಲ್ಲರಿಗೂ ಅಲ್ಲ. ಮೂಲ ನಿಯಂತ್ರಕ ಸತ್ತಿದ್ದರೆ, ಅಥವಾ ಖಾಲಿ ನೆನಪಿನ ಕೌಂಟರ್ ಕೀಬೋರ್ಡಿಗೆ ಮೂಲ ತಂತ್ರಾಂಶ ಎಲ್ಲೂ ಸಿಗದಿದ್ದರೆ ಇದೊಂದೇ ದಾರಿ ಉಳಿಯುತ್ತದೆ. ಕೈನೆಸಿಸ್ ಅಡ್ವಾಂಟೇಜ್‌ಗೆ ಕಿನ್‌ಟಿ ಎಂಬ ಮುಕ್ತ ವಿನ್ಯಾಸದ ಬದಲಿ ಬೋರ್ಡು ಇದೆ, ಅದು ಟೀನ್ಸಿ ಬೋರ್ಡಿನ ಮೇಲೆ ಕ್ಯೂಎಂಕೆ ಓಡಿಸುತ್ತದೆ. ಸಿದ್ಧ ವಿನ್ಯಾಸ ಇಲ್ಲದ ಕೀಬೋರ್ಡಿನಲ್ಲಿ ಮಲ್ಟಿಮೀಟರ್ ಹಿಡಿದು ಯಾವ ಸ್ವಿಚ್ ಯಾವ ಅಡ್ಡಸಾಲು, ಯಾವ ಕಂಬಸಾಲಿನಲ್ಲಿದೆ ಎಂದು ಒಂದೊಂದಾಗಿ ಗುರುತಿಸಿ ಬರೆದುಕೊಳ್ಳಬೇಕು. ಪ್ರತಿ ಸ್ವಿಚ್ಚಿಗೂ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಇದೆಯೇ ಎಂದು ಆಗಲೇ ನೋಡಿಕೊಳ್ಳಿ. ಇಲ್ಲದಿದ್ದರೆ ಹಲವು ಕೀಲಿಗಳನ್ನು ಒಟ್ಟಿಗೆ ಒತ್ತಿದಾಗ ಒತ್ತದ ಕೀಲಿಯೂ ಮೂಡುತ್ತದೆ, ಹೊಸ ಫರ್ಮ್‌ವೇರ್‌ನಿಂದ ಅದು ಸರಿಹೋಗುವುದಿಲ್ಲ. ಮೆಂಬ್ರೇನ್ ಕೀಬೋರ್ಡುಗಳಲ್ಲಿ ಚಪ್ಪಟೆ ಪಟ್ಟಿಯ ತುದಿಗಳು ವಯಸ್ಸಾದಂತೆ ಬಿರುಸಾಗಿರುವುದರಿಂದ ಎರಡು ಮೂರು ಸಲ ಕಿತ್ತು ಹಾಕುವಷ್ಟರಲ್ಲಿ ಬಿರುಕು ಬಿಡಬಹುದು. ಕೀಬೋರ್ಡು ಹೇಗೋ ಕೀಲಿಗಳನ್ನು ಕಳುಹಿಸುತ್ತಿರುವವರೆಗೆ ಅದನ್ನು ತೆರೆಯದೆ ಪರಿವರ್ತಕದಲ್ಲೇ ಕೆಲಸ ಸಾಗಿಸಿ. ನಿಯಂತ್ರಕವನ್ನು ಬದಲಿಸಲೇಬೇಕಾಗಿ ಬಂದರೆ, ತೆಗೆದಿಟ್ಟ ಮೂಲ ನಿಯಂತ್ರಕವನ್ನು ಮಾತ್ರ ಯಾವ ಕಾರಣಕ್ಕೂ ಎಸೆಯಬೇಡಿ.